ಅಕ್ಕನ ಫೋನಿಗೆ ಹೋದ ನಂಬರು

ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಅದು ಅವಳಿಗೂ ಗೊತ್ತಿತ್ತು, ಎದುರಿಗಿದ್ದ ಪರದೆಗೂ ಗೊತ್ತಿದ್ದಂತಿತ್ತು. ಎಡಿಟಿಂಗ್ ಆ್ಯಪ್ ಒಂದು ನೀಲಿ ಚಕ್ರವನ್ನು ತಿರುಗಿಸಿ, ಅವಳು ಜೋಡಿಸಿಟ್ಟ ದೃಶ್ಯಗಳ ಟೈಮ್‌ಲೈನನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ, ಮತ್ತೆ ಮುಚ್ಚಿಕೊಂಡಿತು. ನೀವು ಸೈನ್ ಔಟ್ ಆಗಿದ್ದೀರಿ, ದಯವಿಟ್ಟು ಮತ್ತೆ ಸೈನ್ ಇನ್ ಮಾಡಿ. ಆ 'ದಯವಿಟ್ಟು' ಓದುವಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು. ಮದುವೆಯ ಮನೆಗೆ ಕರೆಯದೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ನಗುನಗುತ್ತ 'ತಾವು ಯಾರ ಕಡೆಯವರು' ಎಂದು ಕೇಳುತ್ತಾರಲ್ಲ, ಆ ಧಾಟಿ. ವಾರದಿಂದ ಇದೇ ಪಾಡು. ಬೆಳಿಗ್ಗೆ ಕುಳಿತರೆ ಹೊರಗೆ ಹಾಕುವುದು, ಮಧ್ಯಾಹ್ನದ ಹೊತ್ತಿಗೆ ಏನೂ ಆಗೇ ಇಲ್ಲವೆಂಬಂತೆ ತಾನಾಗಿಯೇ ಒಳಗೆ ಬಿಟ್ಟುಕೊಳ್ಳುವುದು. ಆ್ಯಪನ್ನು ತೆಗೆದುಹಾಕಿ ಮತ್ತೆ ಹಾಕಿದ್ದಳು. ಕೇಬಲ್ಲುಗಳನ್ನು ಕಿತ್ತು ಊದಿ ಚುಚ್ಚಿದ್ದಳು. ಪಾಸ್‌ವರ್ಡನ್ನು ಬದಲಾಯಿಸಿ ಬದಲಾಯಿಸಿ ಕೊನೆಗೆ ಅದರಲ್ಲಿ ಒಂದು ಬೈಗುಳವನ್ನೇ ಸೇರಿಸಿದ್ದಳು. ದಿನಾ ಬೆಳಿಗ್ಗೆ ಅದನ್ನು ಟೈಪು ಮಾಡುವಾಗ ಸ್ವಲ್ಪ ನೆಮ್ಮದಿಯಾಗುತ್ತಿತ್ತು, ಅಷ್ಟೇ ಲಾಭ.

ಮಧ್ಯಾಹ್ನದವರೆಗೆ ಕಾಯಬಹುದಾಗಿದ್ದ ದಿನಗಳು ಬೇರೆ, ಈ ದಿನ ಬೇರೆ. ಸಂಜೆ ಶಾಲೆಯ ಹಾಲಿನಲ್ಲಿ ಮಕ್ಕಳ ನಾಟಕದ ಸಿನಿಮಾ ತೋರಿಸಬೇಕಿತ್ತು. ಎಡಿಟಿಂಗ್ ಹೆಚ್ಚುಕಡಿಮೆ ಮುಗಿದಿತ್ತು. ಕೊನೆಯ ದೃಶ್ಯದ ಧ್ವನಿ ಸರಿಮಾಡಿ, ಮಕ್ಕಳ ಹೆಸರು ಹಾಕಿ, ಸಿನಿಮಾವನ್ನು ಫೈಲಾಗಿ ಹೊರತೆಗೆಯುವುದೊಂದೇ ಬಾಕಿ. ಆದರೆ ಒಳಗೆ ಬಿಟ್ಟರೆ ತಾನೆ? ನಾಟಕದ ಟೀಚರ್ ಆಗಲೇ ಮನೆಯ ಫೋನಿಗೆ ಕರೆ ಮಾಡಿ, "ಮಕ್ಕಳು ಬೆಳಿಗ್ಗೆಯಿಂದ ಕ್ಲಾಸಲ್ಲಿ ಕೂರ್ತಾನೇ ಇಲ್ಲ ಮೇಡಂ. ಮರದ ಪಾತ್ರ ಮಾಡಿದವನ ಅಜ್ಜಿ ತಾತ ಎಲ್ಲಾ ಬರ್ತಿದಾರಂತೆ, ಊರಿಂದ. ರೆಡಿ ಇದೆ ಅಲ್ವಾ?" ಎಂದಿದ್ದರು. ಅವಳು "ಹೂಂ, ರೆಡಿನೇ" ಎಂದಿದ್ದಳು. ಸುಳ್ಳು ಹೇಳುವಾಗ ಅವಳ ಧ್ವನಿ ಅಗತ್ಯಕ್ಕಿಂತ ಗಟ್ಟಿಯಾಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಮ್ಮ ಆ ಧ್ವನಿ ಕೇಳಿಯೇ ಬಾಗಿಲಿಗೆ ಬಂದು ನಿಂತಿದ್ದಳು.

ಮತ್ತೊಮ್ಮೆ ಬೈಗುಳ ಟೈಪು ಮಾಡಿದಾಗ ಪರದೆ ಹೊಸ ಮಾತು ಹೇಳಿತು. ಇಷ್ಟು ಸಲ ಪ್ರಯತ್ನಿಸಿರುವುದರಿಂದ ನೀವು ನೀವೇ ಎಂದು ಖಚಿತಪಡಿಸಿಕೊಳ್ಳಬೇಕಾಗಿದೆ. ನೋಂದಾಯಿಸಿದ ಫೋನಿಗೆ ಒಂದು ನಂಬರು ಕಳುಹಿಸಿದ್ದೇವೆ. ಫೋನಿನ ಅಂಕಿಗಳಿಗೆಲ್ಲ ಚುಕ್ಕಿಯಿಟ್ಟು ಕೊನೆಯ ಎರಡನ್ನು ಮಾತ್ರ ಬರೆದಿತ್ತು. ಆ ಎರಡೇ ಸಾಕಾಯಿತು. ಅದು ಅಕ್ಕನ ಫೋನು. ಖಾತೆ ತೆರೆದ ದಿನ ಇದೇ ಕುರ್ಚಿಯ ಹಿಂದೆ ನಿಂತು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, "ನನ್ನದೇ ಹಾಕು, ನೀನು ಫೋನು ಎಲ್ಲಿಟ್ಟೆ ಅಂತ ಹುಡುಕೋದ್ರಲ್ಲೇ ಅರ್ಧ ದಿನ ಕಳೀತೀಯ" ಎಂದು ಅಕ್ಕ ಹೇಳಿದ್ದಳು. ಆಗ ಈ ಮುಂಗೋಣೆ ಇಬ್ಬರ ಸ್ಟುಡಿಯೋ. ಅಕ್ಕ ಕ್ಯಾಮೆರಾ ಹಿಡಿಯುತ್ತಿದ್ದಳು, ಇವಳು ಕತ್ತರಿಸುತ್ತಿದ್ದಳು. ಅದಕ್ಕೇ ಅಕ್ಕ ಇವಳಿಗೆ ಕತ್ತರಿ ಅಂತಲೇ ಹೆಸರಿಟ್ಟಿದ್ದಳು. ಆಮೇಲೆ ಒಂದು ದಿನ ಅಕ್ಕ, ನಾನು ಬಸ್ ಓಡಿಸೋ ಕೆಲಸಕ್ಕೆ ಸೇರ್ತಿದೀನಿ ಕಣೇ, ಕ್ಯಾಮೆರಾ ಕಪಾಟಿನಲ್ಲಿಟ್ಟಿದೀನಿ ಎಂದು ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿ, ಬೇರೆ ಕೋಣೆ ಹಿಡಿದು ಹೊರಟೇಹೋದಳು. ಇವಳು ಅದಕ್ಕೆ ಉತ್ತರ ಕೊಡಲಿಲ್ಲ. ಕೊಡಬೇಕೆಂದುಕೊಂಡ ಉತ್ತರ ದಿನ ಕಳೆದಂತೆ ಉದ್ದವಾಗುತ್ತ ಹೋಯಿತು, ಆಮೇಲೆ ಅಷ್ಟುದ್ದದ್ದನ್ನು ಕಳಿಸುವುದಕ್ಕೇ ನಾಚಿಕೆಯಾಯಿತು. ಹೀಗೇ ಒಂದೆರಡು ವರ್ಷ ಕಳೆಯಿತು. ಮನೆಗೆ ಬಂದಾಗ ಅಕ್ಕ ಅಮ್ಮನ ಜೊತೆ ಅಡುಗೆಮನೆಯಲ್ಲಿ, ಇವಳು ಪರದೆಯ ಮುಂದೆ. "ಅಮ್ಮಾ, ಅವಳಿಗೆ ಟೀ ಬೇಕಾ ಕೇಳು." "ಬೇಡ ಅಂತ ಹೇಳಮ್ಮಾ." ಎರಡು ಮಾರು ದೂರದಲ್ಲಿದ್ದ ಇಬ್ಬರಿಗೆ ಅಮ್ಮ ಅಂಚೆಯವಳಾಗಿದ್ದಳು.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?" ಅಮ್ಮ ಕೇಳಿದಳು.

"ಅಕ್ಕನ ಫೋನಿಗೆ ಒಂದು ನಂಬರ್ ಹೋಗಿದೆ. ಅದನ್ನ ಹೇಳಿದ್ರೆ ಇದು ಒಳಗೆ ಬಿಡತ್ತೆ. ನೀನೇ ಫೋನ್ ಮಾಡಿ ಕೇಳಮ್ಮಾ."

"ಗಾಡಿ ಓಡಿಸೋವಾಗ ಅವಳು ಫೋನ್ ಮುಟ್ಟಲ್ಲ. ಬ್ಯಾಗಲ್ಲಿ ಹಾಕಿ ಜಿಪ್ ಎಳೆದುಬಿಡ್ತಾಳೆ." ಅಮ್ಮ ಗೋಡೆಯ ಗಡಿಯಾರ ನೋಡಿದಳು. ತುಟಿ ಅಲುಗಿಸಿ ಏನೋ ಲೆಕ್ಕ ಹಾಕಿದಳು. "ಈಗ ಆಸ್ಪತ್ರೆ ದಾಟಿರ್ತಾಳೆ. ಇನ್ನೇನು ನಮ್ಮ ಸರ್ಕಲ್ಲಿಗೆ ಬರ್ತಾಳೆ. ಓಡು, ಚಪ್ಪಲಿ ಹಾಕ್ಕೊಂಡು ಓಡು!"

ಮಗಳ ಬಸ್ಸು ಊರಿನ ಯಾವ ಮೂಲೆಯಲ್ಲಿದೆ ಎಂಬುದು ಅಮ್ಮನಿಗೆ ಬಟ್ಟೆ ಮಡಿಸುತ್ತಲೇ ಗೊತ್ತಿರುತ್ತದೆ ಎಂಬುದು ಇವಳಿಗೆ ಗೊತ್ತಿರಲಿಲ್ಲ. ಓಡುವಾಗ ಅದೇ ತಲೆಯಲ್ಲಿತ್ತು. ಔಷಧಿ ಅಂಗಡಿ, ಸೈಕಲ್ ರಿಪೇರಿಯವನ ಟಯರುಗಳ ಸಾಲು, ಬೀಗ ಹಾಕಿದ ಬ್ಯಾಂಕಿನ ಹಳೆಯ ಕಟ್ಟಡ. ಇಷ್ಟು ಬಿಸಿಲು ಬೀದಿಯ ಮೇಲೆ ಬೀಳುತ್ತದೆ ಎನ್ನುವುದನ್ನೇ ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ ಕುಳಿತು ಮರೆತಿದ್ದಳು. ಬಸ್ಸಿಗೆ ಕೈ ಅಡ್ಡ ಹಾಕಿ ನಿಂತು, 'ಅಕ್ಕಾ, ಒಂದು ನಂಬರ್ ಹೇಳು' ಎನ್ನುವುದು ಹೇಗೆ? ಇಷ್ಟು ದಿನ ಮಾತಾಡದೆ ಇದ್ದು ಮೊದಲ ಮಾತು ಅದೇ ಆಗಬೇಕೆ? ಕೆಲಸವಿದ್ದಾಗ ಮಾತ್ರ ಬರುತ್ತಾಳೆ ಅನ್ನುವುದಿಲ್ಲವೆ? ಅಂದರೆ ಅನ್ನಲಿ ಎಂದುಕೊಳ್ಳುತ್ತಿರುವಾಗಲೇ ಇನ್ನೊಂದು ನೆನಪು ಎದೆಯಲ್ಲಿ ಹಳೆಯ ಜಾಗಕ್ಕೆ ಸರಿಯಾಗಿ ಚುಚ್ಚಿತು. ಅಕ್ಕ ಹೋಗುವುದಕ್ಕೆ ಸ್ವಲ್ಪ ಮುಂಚೆ, ಕಚೇರಿಯೊಂದರ ಸಮಾರಂಭದ ಸಿನಿಮಾ ತೋರಿಸುವಾಗ, ಯಾರೋ ಒಬ್ಬರು ಇದ್ಯಾಕೆ ಇಲ್ಲಿ ಚಿತ್ರ ಹೀಗೆ ಅಲುಗಾಡುತ್ತಿದೆ ಎಂದಿದ್ದರು. ಅಷ್ಟು ಜನರ ಎದುರಿಗೆ ಇವಳು ನಕ್ಕು, "ಅದು ನನ್ನ ತಪ್ಪಲ್ಲ, ಅಕ್ಕನ ಕೈ ನಡುಗಿದ್ದು" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅಕ್ಕ ಕ್ಯಾಮೆರಾದ ಚೀಲ ಮುಚ್ಚುತ್ತಿದ್ದಳು, ತಲೆ ಎತ್ತಿರಲಿಲ್ಲ. ಅಕ್ಕ ಬಿಟ್ಟುಹೋದದ್ದು ಆ ಒಂದು ನಗೆಗೆ ಎಂದು ಇವಳು ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದುದರಿಂದ ಅದು ದಿನದಿನಕ್ಕೆ ಹೆಚ್ಚು ನಿಜವಾಗಿತ್ತು.

ಬಸ್ಸು ಬಂತು. ಎತ್ತರವಾಗಿ, ಹಸಿರಾಗಿ, ಸರ್ಕಲ್ಲನ್ನು ಸುತ್ತಿಕೊಂಡು, ಅಷ್ಟು ದೊಡ್ಡ ಮೈಯನ್ನು ಒಂದು ಆಟೋ ಮತ್ತು ಹಾಲಿನ ವ್ಯಾನಿನ ನಡುವಿನಿಂದ ನೀರು ಹರಿದ ಹಾಗೆ ಹರಿಸಿಕೊಂಡು ಬಂತು. ಗಾಜಿನ ಹಿಂದೆ ಅಕ್ಕ. ಖಾಕಿ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು, ಕೂದಲನ್ನು ಬಿಗಿಯಾಗಿ ಕಟ್ಟಿದ್ದಾಳೆ. ಅಗಲವಾದ ಸ್ಟಿಯರಿಂಗಿನ ಮೇಲೆ ಎರಡೂ ಅಂಗೈಗಳು ಚಪಾತಿ ಲಟ್ಟಿಸುವವರ ಕೈಗಳಷ್ಟು ನಿರಾತಂಕವಾಗಿ ಆಡುತ್ತಿವೆ. ಅಕ್ಕ ಬಸ್ಸು ಓಡಿಸುತ್ತಾಳೆ ಎಂಬುದು ಇವಳಿಗೆ ಒಂದು ಸುದ್ದಿಯಾಗಿತ್ತು, ಒಂದು ತಕರಾರಾಗಿತ್ತು, ಚಿತ್ರವಾಗಿರಲಿಲ್ಲ. ಈಗ ಚಿತ್ರವಾಯಿತು. ಎಂಥ ಚೆಂದ ಎಂದುಕೊಂಡಳು, ಹೊಟ್ಟೆಕಿಚ್ಚಿಗೆ ಸಮಯ ಸಿಗುವ ಮೊದಲೇ.

ಬಾಗಿಲು ಉಸ್ ಎಂದು ತೆರೆಯಿತು. ಅಕ್ಕ ತಿರುಗಿ ನೋಡಿದಳು. ಆ ಮುಖದಲ್ಲಿ ಏನೇನೋ ಬಂದು ಹೋಯಿತು, ಕೊನೆಗೆ ನಿಂತದ್ದು ಗಾಬರಿ.

"ಅಮ್ಮಂಗೇನಾಯ್ತು?"

"ಏನಿಲ್ಲ, ಅಮ್ಮ ಚೆನ್ನಾಗಿದಾಳೆ. ಅಮ್ಮನೇ ಕಳಿಸಿದ್ದು. ನಿನ್ನ ಫೋನಿಗೆ ಒಂದು ನಂಬರ್..."

"ಹತ್ತು ಮೊದಲು. ಹಿಂದೆ ಜನ ಕಾಯ್ತಿದಾರೆ. ಟಿಕೆಟ್ ತಗೊಂಡು ಕೂತ್ಕೋ."

"ಅಕ್ಕಾ, ನಂಬರ್ ಒಂದು ನೋಡಿ ಹೇಳಿದ್ರೆ ಇಳಿದುಬಿಡ್ತೀನಿ."

"ಕೊನೇ ಸ್ಟಾಪಿನವರೆಗೂ ಫೋನ್ ಮುಟ್ಟಲ್ಲ. ರಾಣಿ ಬಂದು ಕೇಳಿದ್ರೂ ಅಷ್ಟೇ, ಕತ್ತರಿ ಬಂದು ಕೇಳಿದ್ರೂ ಅಷ್ಟೇ."

ಹಿಂದಿದ್ದ ಹೆಂಗಸು ಚೀಲದಿಂದ ಇವಳ ಬೆನ್ನಿಗೆ ತಿವಿದಳು. ಇವಳು ಅಕ್ಕನ ಹಿಂದಿನ ಸೀಟಿನಲ್ಲಿ ಕುಳಿತಳು. ಕತ್ತರಿ ಎಂದಳಲ್ಲ! ಬಾಗಿಲು ಮುಚ್ಚಿದ ಮೇಲೆ ಆ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಹಾಕಿ ಕೇಳಿದಳು. ಅದರಲ್ಲಿ ಮುಳ್ಳಿದೆಯೇ ಎಂದು ತಡಕಿದಳು, ಸಿಗಲಿಲ್ಲ. ಬಸ್ಸು ಗ್ರಂಥಾಲಯ ದಾಟಿತು, ಕೆರೆಯ ಏರಿ ಹತ್ತಿತು. ಬಲಗಡೆ ನೀರು ಒಮ್ಮೆಲೇ ತೆರೆದುಕೊಂಡು ಬಸ್ಸಿನ ಒಳಗೆಲ್ಲ ಬೆಳಕಿನ ಚೂರುಗಳು ಓಡಾಡಿದವು. ಕೋಲು ಹಿಡಿದ ಮುದುಕರೊಬ್ಬರು ಹತ್ತುವಾಗ ಅಕ್ಕ ಬಸ್ಸನ್ನು ಕಲ್ಲಿನ ಮೆಟ್ಟಿಲಿಗೆ ತಾಗಿಸಿಕೊಂಡು ನಿಲ್ಲಿಸಿ, "ನಿಧಾನ ಬನ್ನಿ ತಾತಾ, ನಾನೇನೂ ಓಡಿಹೋಗಲ್ಲ" ಎಂದಳು. ಅವರು "ನೀನು ಓಡಿಸೋಕೇ ಇರೋದಲ್ವೇನಮ್ಮಾ" ಎಂದರು. ಬಸ್ಸೆಲ್ಲ ನಕ್ಕಿತು. ಇದು ದಿನಾ ನಡೆಯುವ ಮಾತು ಎಂಬುದು ಆ ನಗೆಯಲ್ಲೇ ಗೊತ್ತಾಗುತ್ತಿತ್ತು. ಇವಳೂ ನಕ್ಕಳು, ಸ್ವಲ್ಪ ತಡವಾಗಿ.

ಕೊನೆಯ ಸ್ಟಾಪು ಒಂದು ಬಯಲು. ಒಂದು ತಗಡಿನ ಮಾಡು, ಒಂದು ನಲ್ಲಿ, ನೆರಳಿಗೆ ನಿಂತ ಇನ್ನೆರಡು ಬಸ್ಸುಗಳು. ಎಲ್ಲರೂ ಇಳಿದ ಮೇಲೆ ಅಕ್ಕ ಇಂಜಿನ್ ಆರಿಸಿ, ಬ್ಯಾಗಿನ ಜಿಪ್ ಎಳೆದು, ಫೋನು ತೆಗೆದು ಕಣ್ಣು ಕಿರಿದು ಮಾಡಿಕೊಂಡು ಓದಿದಳು. "ಈ ನಂಬರ್ ಹತ್ತು ನಿಮಿಷದ ಮೇಲೆ ನಡೆಯಲ್ಲ ಅಂತ ಬರೆದಿದಾನಲ್ಲೇ. ಹಳಸಿಹೋಯ್ತು."

ಇವಳಿಗೆ ಅಳು ಬರುವಂತಾಯಿತು. ಅಕ್ಕ ಆಗಲೇ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು. "ಅಮ್ಮಾ, ಕಂಪ್ಯೂಟರ್ ಮುಂದೆ ಕೂತ್ಕೋ."

"ನಾನಾ? ಸುಟ್ಟುಹೋದ್ರೆ?"

"ಸುಡಲ್ಲ. 'ಮತ್ತೆ ಕಳುಹಿಸಿ' ಅಂತ ಎಲ್ಲಿದೆ ನೋಡು. ಅಲ್ಲಿಗೆ ಬಾಣ ತಗೊಂಡು ಹೋಗಿ ಒತ್ತು."

"ಬಾಣ ಮೇಲೆ ಹೋಗ್ತಿದೆ. ನಾನು ಕೆಳಗೆ ಅಂದ್ರೆ ಅದು ಮೇಲೆ. ಈ ಮೌಸನ್ನ ತಿರುಗಿಸಿ ಹಿಡ್ಕೊಂಡಿದೀನಾ ನಾನು?"

"ಬಾಲ ಆ ಕಡೆ ಇರ್ಬೇಕಮ್ಮಾ," ಇವಳು ಕೂಗಿದಳು.

"ಹಾಂ, ಬಂತು ಬಂತು! ಒತ್ತಿದೆ."

ಅಕ್ಕನ ಫೋನು ಟಿಂಗ್ ಎಂದಿತು. ಅಕ್ಕ ಒಂದೊಂದೇ ಅಂಕಿ ಹೇಳಿದಳು, ಅಮ್ಮ ಒಂದೊಂದನ್ನೂ ಜೋರಾಗಿ ತಿರುಗಿ ಹೇಳುತ್ತ, ನಡುನಡುವೆ ಬೇರೆ ಯಾವುದೋ ಕೀಲಿ ಒತ್ತಿ ಅಯ್ಯೋ ಎನ್ನುತ್ತ ಟೈಪು ಮಾಡಿದಳು. ಆಮೇಲೆ, "ಒಳಗೆ ಬಿಟ್ಟಿತು ಕಣ್ರೇ! ಮರ ಕಾಣಿಸ್ತಿದೆ! ಮರಕ್ಕೆ ಕಾಲಿದೆ, ಬೂಟು ಹಾಕ್ಕೊಂಡಿದೆ!" ಬಸ್ಸಿನ ಮೆಟ್ಟಿಲ ಮೇಲೆ ಕುಳಿತ ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಹೋ ಎಂದರು. ಪಕ್ಕದ ಬಸ್ಸಿನ ಡ್ರೈವರು ನಿದ್ದೆಯಿಂದ ತಲೆ ಎತ್ತಿ ನೋಡಿದ. ಅಷ್ಟರಲ್ಲೇ ಅಮ್ಮನ ಧ್ವನಿ ಇಳಿಯಿತು. "ಅಯ್ಯೋ, ಮತ್ತೆ ಹೊರಗೆ ಹಾಕ್ತಲ್ಲೇ. ನಾನೇನೂ ಮುಟ್ಟಿಲ್ಲ, ಆಣೆಗೂ."

ಅಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಇವಳಿಗೆ ಕೊಟ್ಟು, ತಾನು ಫ್ಲಾಸ್ಕಿನಿಂದಲೇ ಕುಡಿದಳು. "ಇನ್ನೊಂದು ಸುತ್ತು ಹೊಡೆದ್ರೆ ನನ್ನ ಬೆಳಗಿನ ಪಾಳಿ ಮುಗೀತು. ಮನೆಗೇ ಬರ್ತೀನಿ. ಪಕ್ಕದಲ್ಲೇ ಕೂತು ಎಷ್ಟು ನಂಬರ್ ಬೇಕೋ ಅಷ್ಟು ಹೇಳ್ತೀನಿ. ಬಿಡು, ಆಗತ್ತೆ."

ಆ 'ಬಿಡು, ಆಗತ್ತೆ' ಇವಳನ್ನು ಕರಗಿಸಿಬಿಟ್ಟಿತು. ಟೀ ನೋಡುತ್ತಲೇ ಹೇಳಿದಳು. "ಅವತ್ತು ನಾನು ಹಾಗನ್ನಬಾರದಿತ್ತು ಅಕ್ಕಾ. ಅಷ್ಟು ಜನರ ಮುಂದೆ. ನಿನ್ನ ಕೈ ನಡುಗಿದ್ದು ಅಂತ."

"ಯಾವತ್ತು?"

"ಆ ಕಚೇರಿ ಸಿನಿಮಾ ತೋರಿಸಿದಾಗ. ಆ ಶಾಟು."

"ಯಾವ ಶಾಟು?" ಅಕ್ಕ ನಿಜವಾಗಿ ನೆನಪಿಸಿಕೊಳ್ಳಲು ನೋಡಿದಳು. ಹುಬ್ಬು ಗಂಟಿಕ್ಕಿತು, ಬಿಚ್ಚಿತು. "ಇಲ್ವಲ್ಲೇ. ನಡುಗಿರಬಹುದು. ದಿನಾ ನಡುಗ್ತಿತ್ತು, ಆ ಕ್ಯಾಮೆರಾ ಒಂದು ಮಣ ಭಾರ."

"ಅದಕ್ಕೇ ಅಲ್ವಾ ನೀನು ಬಿಟ್ಟುಹೋಗಿದ್ದು?"

ಅಕ್ಕ ಫ್ಲಾಸ್ಕನ್ನು ಕೆಳಗಿಟ್ಟು ಇವಳ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಬಸ್ಸಿನ ಬಾಗಿಲಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಲೇ ಕತ್ತರಿ, ನಂಗೆ ಬಸ್ ಓಡಿಸೋ ಆಸೆ ಇತ್ತು ಕಣೇ. ಸಣ್ಣವಳಿದ್ದಾಗಿಂದ. ಅಷ್ಟೇ. ನೀನೇನೋ ದೊಡ್ಡ ಕಥೆ ಕಟ್ಕೊಂಡು ಕೂತಿದೀಯಲ್ಲ."

ಇವಳು ಖಾಲಿ ಮುಚ್ಚಳ ಹಿಡಿದು ಕುಳಿತಿದ್ದಳು. ಇಷ್ಟು ದಿನ ಜೋಪಾನವಾಗಿ ಹೊತ್ತು ತಂದ ಮೂಟೆಯನ್ನು ಬಿಚ್ಚಿದರೆ ಒಳಗೆ ಏನೂ ಇಲ್ಲ. ಹಗುರಾಯಿತು, ಜೊತೆಗೆ ಸ್ವಲ್ಪ ಅವಮಾನವೂ ಆಯಿತು. ತನ್ನ ತಪ್ಪು ಅಕ್ಕನ ಲೆಕ್ಕಕ್ಕೇ ಬಂದಿರಲಿಲ್ಲವಲ್ಲ, ಇಷ್ಟು ನರಳಿದ್ದು ಯಾರಿಗಾಗಿ? ಅಕ್ಕನ ನಗು ಮೆಲ್ಲಗೆ ನಿಂತಿತು. ಅವಳು ನಲ್ಲಿಯ ಕಡೆ ನೋಡುತ್ತ, ಬೇರೆಯದೇ ಧ್ವನಿಯಲ್ಲಿ ಹೇಳಿದಳು. "ಬೇಜಾರಾಗಿದ್ದು ಅದಕ್ಕಲ್ಲ. ನಾನು ದಿನಾ ನಮ್ಮ ಸರ್ಕಲ್ ದಾಟ್ತೀನಿ. ಮೊದಮೊದಲು ಸ್ಟಾಪಲ್ಲಿ ನಿಂತವರನ್ನೆಲ್ಲ ನೋಡ್ತಿದ್ದೆ. ಇವತ್ತು ಕತ್ತರಿ ಬಂದಿರ್ತಾಳೆ, ನನ್ನ ಬಸ್ ಹತ್ತುತ್ತಾಳೆ ಅಂತ. ಅಮ್ಮ ಎಷ್ಟು ಸಲ ಬಂದ್ಲು! ಕೆಲಸ ಇಲ್ದಿದ್ರೂ ಒಂದು ಸುತ್ತು ಕೂತು ಹೋಗ್ತಾಳೆ. ನೀನು ಮಾತ್ರ ಬರ್ಲೇ ಇಲ್ಲ."

ಇದು ಇವಳಿಗೆ ಹೊಳೆದೇ ಇರಲಿಲ್ಲ. ಇಲ್ಲದ ತಪ್ಪಿಗೆ ಕಾವಲು ಕೂತು, ಇದ್ದ ತಪ್ಪಿನ ಕಡೆ ತಿರುಗಿಯೂ ನೋಡಿರಲಿಲ್ಲ. "ಇವತ್ತು ಬಂದೆನಲ್ಲ" ಎಂದಳು. ಹೇಳಿದ ಕೂಡಲೇ ಅದು ಎಂಥ ಮೊಂಡು ಮಾತು ಎನಿಸಿತು.

"ಬಂದೆ, ನಂಬರ್ ಕೇಳೋಕೆ," ಎಂದು ಅಕ್ಕ ಇವಳ ತಲೆಗೆ ಮೊಟಕಿದಳು. ಮೊಟಕಿದ್ದು ನೋವಾಯಿತು. ಚಿಕ್ಕಂದಿನಲ್ಲಿಯೂ ಅಕ್ಕನ ಮೊಟಕು ಹೀಗೇ ನೋಯುತ್ತಿತ್ತು. "ಎದ್ದೇಳು, ಟೈಮ್ ಆಯ್ತು."

ಇನ್ನೊಂದು ಸುತ್ತು ಇವಳು ಅದೇ ಸೀಟಿನಲ್ಲಿ ಕುಳಿತಳು.

ಮನೆಯಲ್ಲಿ ಅಮ್ಮ ಕಂಪ್ಯೂಟರಿನ ಮುಂದೆಯೇ ಕುಳಿತಿದ್ದಳು, ಕಾಯಿಲೆಯವರ ಪಕ್ಕ ಕುಳಿತ ಹಾಗೆ. ಅಕ್ಕ ಖಾಕಿ ಅಂಗಿಯಲ್ಲೇ ಸ್ಟೂಲು ಎಳೆದುಕೊಂಡು ಕುಳಿತಳು. ನಂಬರು ಬಂತು, ಒಳಗೆ ಬಿಟ್ಟಿತು, ಹೊರಗೆ ಹಾಕಿತು. ಇನ್ನೊಂದು ಬಂತು, ಒಳಗೆ, ಹೊರಗೆ. ಅಕ್ಕ ಅಂಕಿಗಳನ್ನು ಬಸ್ಸಿನ ಸ್ಟಾಪು ಕೂಗುವ ರಾಗದಲ್ಲಿ ಕೂಗತೊಡಗಿದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಕಿವಿ ಬಿಸಿಮಾಡಿದ್ದ 'ದಯವಿಟ್ಟು' ಈಗ ಮೂವರಿಗೂ ತಮಾಷೆಯಾಗಿತ್ತು. ಸಹಾಯವಾಣಿಗೆ ಕಳಿಸೋಣವೆಂದು ಇವಳು ಆ ಪರದೆಯದೇ ಒಂದು ಚಿತ್ರ ಹಿಡಿದು ಉಳಿಸಿದಳು. ಉಳಿಸಿದ್ದು ಎಲ್ಲಿ ಹೋಯಿತೆಂದು ಹುಡುಕಿದಳು. ಸಿಕ್ಕಿತು. ಪಕ್ಕದಲ್ಲಿ ತಾರೀಖು ಬರೆದಿತ್ತು.

ಅದು ನಿನ್ನೆಯ ತಾರೀಖು.

ಇವಳು ಕುರ್ಚಿಯಲ್ಲಿ ನೆಟ್ಟಗಾದಳು. ಈಗ ತಾನೇ ಉಳಿಸಿದ್ದಕ್ಕೆ ನಿನ್ನೆಯ ತಾರೀಖು ಹೇಗೆ? ಆ್ಯಪು ಪರದೆ ತುಂಬ ತೆರೆದುಕೊಳ್ಳುತ್ತಿದ್ದುದರಿಂದ ಕೆಳಗಿನ ಮೂಲೆಯ ಗಡಿಯಾರ ಕಾಣುತ್ತಲೇ ಇರಲಿಲ್ಲ. ಕಿಟಕಿಯನ್ನು ಸಣ್ಣದು ಮಾಡಿ ನೋಡಿದಳು. ಕಂಪ್ಯೂಟರು ಇನ್ನೂ ನಿನ್ನೆಯ ರಾತ್ರಿಯಲ್ಲೇ ಇತ್ತು. ಮಲಗುವ ಮುಂಚೆ ಅಮ್ಮ ಗೋಡೆಯ ಸ್ವಿಚ್ಚು ಆರಿಸುತ್ತಾಳೆ. ಒಳಗೆ ಗಡಿಯಾರ ನಡೆಸಬೇಕಾದ ಬಿಲ್ಲೆಯಷ್ಟು ಬ್ಯಾಟರಿ ಸಾಯುತ್ತ ಬಂದಿದೆ. ಆರಿಸಿದ ಗಳಿಗೆಗೆ ಗಡಿಯಾರ ನಿಂತುಬಿಡುತ್ತದೆ, ಬೆಳಿಗ್ಗೆ ಅಲ್ಲಿಂದಲೇ ಹೊರಡುತ್ತದೆ. ಎಲ್ಲೋ ದೂರದ ಕಚೇರಿಯ ಯಂತ್ರ ಈ ದಿನದ ಪ್ರವೇಶ ಚೀಟಿ ಕೊಟ್ಟರೆ ಈ ಕಂಪ್ಯೂಟರು ನಿನ್ನೆಯಲ್ಲಿ ನಿಂತು ಅದನ್ನು ತೋರಿಸುತ್ತದೆ, ಅದಕ್ಕೇ ಆ ಯಂತ್ರ ನಂಬುವುದಿಲ್ಲ. ಮಧ್ಯಾಹ್ನ ಯಾವಾಗಲೋ ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಂಡ ಮೇಲೆ ಎಲ್ಲಾ ಸರಿಹೋಗುತ್ತದೆ. ವಾರದ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

"ಪಾಪ, ಅದಕ್ಕೆ ಬೆಳಗಾಗಿದ್ದೇ ಗೊತ್ತಿಲ್ಲ!" ಎಂದು ಇವಳು ಕೂಗಿದಳು. ಅಕ್ಕನಿಗೂ ಅಮ್ಮನಿಗೂ ಅರ್ಥವಾಗಲಿಲ್ಲ, ಆದರೆ ಇವಳ ಮುಖ ನೋಡಿ ಇಬ್ಬರೂ ಎದ್ದು ನಿಂತರು. ಇವಳು ಸಮಯ ಸರಿಮಾಡಿದಳು. ಅಕ್ಕ ಕೊನೆಯ ನಂಬರನ್ನು ಈ ಸಲ ರಾಗವಿಲ್ಲದೆ, ಉಸಿರು ಹಿಡಿದು ಓದಿದಳು. ನೀಲಿ ಚಕ್ರ ತಿರುಗಿತು. ಟೈಮ್‌ಲೈನ್ ತೆರೆಯಿತು. ಮೂವರೂ ಕಾದರು. ಮುಚ್ಚಲಿಲ್ಲ. ಅಮ್ಮ "ಈಗ ಮುಚ್ಚತ್ತೆ ನೋಡು, ಈಗ ಮುಚ್ಚತ್ತೆ" ಎನ್ನುತ್ತಲೇ ಇದ್ದಳು, ಅದು ಮುಚ್ಚಲೇ ಇಲ್ಲ. ಅಕ್ಕ ಇವಳನ್ನು ಕುರ್ಚಿಯ ಸಮೇತ ಒಂದು ಸುತ್ತು ತಿರುಗಿಸಿಬಿಟ್ಟಳು.

"ನೋಂದಾಯಿಸಿದ ಫೋನ್ ಬದಲಾಯಿಸ್ತೀರಾ ಅಂತ ಕೇಳ್ತಿದೆ," ಇವಳು ಹೇಳಿದಳು.

"ಏನು ಮಾಡ್ತೀಯ?"

"ಇರ್ಲಿ ಬಿಡು. ನನ್ನ ಫೋನು ಎಲ್ಲಿದೆ ಅಂತ ಬೆಳಿಗ್ಗೆಯಿಂದ ಹುಡುಕ್ತಿದೀನಿ."

ಸಂಜೆ ಶಾಲೆಯ ಹಾಲು ತುಂಬಿತ್ತು. ತಮ್ಮ ಮುಖ ಅಷ್ಟು ದೊಡ್ಡದಾಗಿ ಕಂಡಾಗ ಮಕ್ಕಳು ಮೊದಲು ಹೆದರಿ ಸುಮ್ಮನಾದರು, ಆಮೇಲೆ ಕಿರುಚಿದರು. ತಪ್ಪು ಮಾತು ಹೇಳಿದ ರಾಜನಿಗೆ ಎಲ್ಲರೂ ಸೇರಿ ಸರಿಯಾದ ಮಾತನ್ನು ಹೇಳಿಕೊಟ್ಟರು. ಊರಿಂದ ಬಂದ ಅಜ್ಜಿ, ಮೊಮ್ಮಗ ಮರವಾಗಿ ಕದಲದೆ ನಿಂತ ಜಾಗದಲ್ಲೆಲ್ಲ ಚಪ್ಪಾಳೆ ಹೊಡೆದರು. ದೀಪ ಹತ್ತಿದಾಗ ನಾಟಕದ ಟೀಚರ್ ಇವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಇವಳಿಗೆ ಕೇಳುತ್ತಿರಲಿಲ್ಲ, ಏಕೆಂದರೆ ಮಕ್ಕಳೆಲ್ಲ ಇವಳನ್ನು ದಾಟಿ ಹಿಂದಕ್ಕೆ ಓಡುತ್ತಿದ್ದರು. ಬಾಗಿಲ ಬಳಿ ಖಾಕಿ ಅಂಗಿಯಲ್ಲಿ ಅಕ್ಕ ನಿಂತಿದ್ದಳು. ಸಂಜೆಯ ಪಾಳಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

"ನೀವು ನಿಜವಾದ ಡ್ರೈವರಾ?" ಹಲ್ಲು ಬಿದ್ದ ಒಬ್ಬಳು ಕೇಳಿದಳು.

"ಮುಟ್ಟಿ ನೋಡು."

ಆ ಹುಡುಗಿ ಬೆರಳಿನಿಂದ ಅಂಗಿಯ ಗುಂಡಿ ಮುಟ್ಟಿದಳು. "ದೊಡ್ಡ ಬಸ್ಸಾ? ಹೇಗೆ ತಿರುಗಿಸ್ತೀರ?"

"ಹೀಗೆ." ಅಕ್ಕ ಕಾಣದ ಸ್ಟಿಯರಿಂಗ್ ಹಿಡಿದು, ಮೈಯನ್ನೆಲ್ಲ ಒಂದು ಪಕ್ಕಕ್ಕೆ ವಾಲಿಸಿ, ಕೈ ಮೇಲೆ ಕೈ ಹಾಕಿ ಎಳೆದಳು. "ಅವಸರ ಮಾಡ್ಬಾರ್ದು. ಹಿಂದೆ ಕೂತವರು ನೆನಪಲ್ಲಿರ್ಬೇಕು. ಎಲ್ಲಿ, ಯಾರ್ಯಾರು ಬರ್ತೀರ? ಹಿಂದೆ ನಿಲ್ಲಿ."

ಕ್ಷಣದಲ್ಲಿ ಸಾಲು ಕಟ್ಟಿತು. ರಾಜ, ಮಂತ್ರಿ, ಇನ್ನೂ ಹಸಿರು ಬಣ್ಣ ಹೋಗದ ಕಿವಿಯ ಮರ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಅಕ್ಕ ಬಾಯಲ್ಲೇ ಬಾಗಿಲು ಮುಚ್ಚಿದ ಶಬ್ದ ಮಾಡಿದಳು. ಸಾಲು ಮೆಲ್ಲಗೆ ಹೊರಟು, ವರಾಂಡದ ತಿರುವಿನಲ್ಲಿ ಒಟ್ಟಿಗೆ ವಾಲಿತು. ಅಪ್ಪ ಅಮ್ಮಂದಿರು ಗೋಡೆಗೆ ಸರಿದು ದಾರಿ ಬಿಟ್ಟರು. "ಕ್ಷಮಿಸಿ, ಒಂದು ನಿಮಿಷ" ಎಂದು ಟೀಚರ ಕೈಯಿಂದ ಕೈ ಬಿಡಿಸಿಕೊಂಡು ಇವಳು ಓಡಿದಳು. ಕೊನೆಯಲ್ಲಿದ್ದ ಮಗುವಿನ ಪುಟ್ಟ ಹೆಗಲು ಎಷ್ಟು ಕೆಳಗಿತ್ತೆಂದರೆ, ಅದರ ಮೇಲೆ ಕೈಯಿಡಲು ಇವಳು ಸೊಂಟದವರೆಗೂ ಬಾಗಬೇಕಾಯಿತು. ಹಾಗೆ ಬಾಗಿಕೊಂಡೇ ಮುಂದಿನ ತಿರುವಿನಲ್ಲಿ ಎಲ್ಲರ ಜೊತೆ ವಾಲಿದಳು.